ಹೊಲದ ಬದುವಿನಿಂದ ಮನೆಯ ತೊಲೆಯವರೆಗೆ: ಮರ ಹಿಡಿದಿಡುವ ಇಂಗಾಲ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಮಳೆ ತನ್ನ ಕಾಲ ಮರೆತಿದೆ ಎಂಬ ಮಾತು ಈಗ ಪ್ರತಿ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಕಾಫಿ ತೋಟಗಳು ಮಣ್ಣುಪಾಲಾದವು. 2019ರಲ್ಲಿ ಕೃಷ್ಣಾ, ಮಲಪ್ರಭಾ ಮತ್ತು ಘಟಪ್ರಭಾ ನದಿಗಳ ದಂಡೆಯ ಊರುಗಳು ನೀರಿನಲ್ಲಿ ಮುಳುಗಿದವು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಬರ ಮತ್ತು ನೆರೆ ಹಿಂದೆಯೂ ಇದ್ದವು, ನಿಜ. ಆದರೆ ವಾತಾವರಣ ಬಿಸಿಯಾದಂತೆ ಅತಿಮಳೆ ಮತ್ತು ಅತಿಬಿಸಿಲು ಎರಡೂ ಹೆಚ್ಚುತ್ತವೆ ಎಂಬುದು ಈಗ ವಿಜ್ಞಾನಿಗಳಲ್ಲಿ ವಿವಾದದ ವಿಷಯವಾಗಿ ಉಳಿದಿಲ್ಲ.

ಇದಕ್ಕೆ ಮುಖ್ಯ ಕಾರಣ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಿಂದ ಇದರ ಪ್ರಮಾಣವನ್ನು ಬಿಡದೆ ಅಳೆಯಲಾಗುತ್ತಿದೆ. ಆಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗಗಳಷ್ಟಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲ್ ಮತ್ತು ಡೀಸೆಲ್ ಸುಡುವುದರಿಂದಲೂ ಕಾಡು ಕಡಿದು ಸುಡುವುದರಿಂದಲೂ ಇದು ಹೆಚ್ಚಿದೆ. ಭೂಮಿಯ ಸುತ್ತ ಇದು ಕಂಬಳಿ ಹೊದಿಸಿದಂತೆ ಕುಳಿತು, ಶಾಖ ಹೊರಗೆ ಹೋಗದಂತೆ ತಡೆಯುತ್ತದೆ.

ಈ ಅನಿಲವನ್ನು ಗಾಳಿಯಿಂದ ಎಳೆದು ಗಟ್ಟಿ ಪದಾರ್ಥವಾಗಿ ಮಾಡುವ ಯಂತ್ರವೊಂದು ಪ್ರತಿ ರೈತನ ಜಮೀನಿನಲ್ಲೂ ಬೆಳೆಯಬಲ್ಲದು. ಅದಕ್ಕೆ ವಿದ್ಯುತ್ ಬೇಡ, ಎಣ್ಣೆ ಬೇಡ. ಅದೇ ಮರ. ಆದರೆ ಮರ ನೆಟ್ಟರೆ ಸಾಕು, ಹವಾಮಾನ ಸರಿಹೋಗುತ್ತದೆ ಎಂಬ ತಿಳಿವಳಿಕೆ ಅರ್ಧ ಸತ್ಯ. ನೆಟ್ಟ ಮರವನ್ನು ಯಾವಾಗ ಕಡಿಯುತ್ತಾರೆ, ಕಡಿದ ಮೇಲೆ ಅದು ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಈ ಉಪನ್ಯಾಸದ ಸಾರ ಇದೇ.

ಮರ ಮಾಡುವ ಕೆಲಸದ ಲೆಕ್ಕ

ಎಲೆಗಳು ಪತ್ರಹರಿತ್ತಿನ ಸಹಾಯದಿಂದ ಬಿಸಿಲನ್ನು ಬಳಸಿಕೊಂಡು, ಗಾಳಿಯ ಇಂಗಾಲದ ಡೈ ಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಸೇರಿಸಿ ಆಹಾರ ತಯಾರಿಸುತ್ತವೆ. ಆಮ್ಲಜನಕ ಹೊರಗೆ ಹೋಗುತ್ತದೆ, ಇಂಗಾಲ ಒಳಗೆ ಉಳಿಯುತ್ತದೆ. ರಾಗಿ, ಜೋಳ, ಭತ್ತದ ಪೈರುಗಳೂ ಇದನ್ನೇ ಮಾಡುತ್ತವೆ. ಆದರೆ ಕಾಳು ಊಟಕ್ಕೆ, ಹುಲ್ಲು ದನಕ್ಕೆ ಹೋಗಿ, ಹಿಡಿದ ಇಂಗಾಲದ ಹೆಚ್ಚಿನ ಪಾಲು ಒಂದೆರಡು ವರ್ಷದಲ್ಲಿ ಮರಳಿ ಗಾಳಿಗೆ ಸೇರುತ್ತದೆ. ಮರವಾದರೋ ವರ್ಷಕ್ಕೊಂದು ಸುತ್ತು ತನ್ನ ಮೈಯಲ್ಲೇ ಕೂಡಿಡುತ್ತಾ ಹೋಗುತ್ತದೆ.

ಚೆನ್ನಾಗಿ ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ. ಒಂದು ಕಿಲೋ ಇಂಗಾಲವೆಂದರೆ ಗಾಳಿಯಿಂದ ಎಳೆದ ಸುಮಾರು 3.67 ಕಿಲೋ ಇಂಗಾಲದ ಡೈ ಆಕ್ಸೈಡ್. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಯಾವ ರೈತನಾದರೂ ತನ್ನ ಮರದ ಲೆಕ್ಕ ತಾನೇ ಹಾಕಬಹುದು.

ಉದಾಹರಣೆಗೆ ಒಂದು ತೇಗದ ಬಾಗಿಲವಾಡವನ್ನು ತೆಗೆದುಕೊಳ್ಳಬಹುದು. ಅದಕ್ಕೆ ಸುಮಾರು 2 ಘನ ಅಡಿ ಮರ ಬೇಕು. ಒಂದು ಘನ ಮೀಟರ್, ಎಂದರೆ ಸುಮಾರು 35 ಘನ ಅಡಿ ಒಣ ತೇಗ ಸುಮಾರು 600 ಕಿಲೋ ತೂಗುತ್ತದೆ. ಹಾಗಾದರೆ ಬಾಗಿಲವಾಡದ ತೂಕ ಸುಮಾರು 34 ಕಿಲೋ, ಅದರಲ್ಲಿನ ಇಂಗಾಲ 17 ಕಿಲೋ. ಇದು ಗಾಳಿಯಿಂದ ತೆಗೆದ ಸುಮಾರು 62 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಮನೆಯ ಹೊಸ್ತಿಲು ದಾಟುವಾಗಲೆಲ್ಲ ಈ ಅರವತ್ತು ಕಿಲೋ ಅನಿಲ ಗಟ್ಟಿಯಾಗಿ ಬಾಗಿಲಲ್ಲಿ ನಿಂತಿದೆ ಎಂದು ತಿಳಿಯಬಹುದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. 200 ಲೀಟರಿನ ಒಂದು ಬ್ಯಾರಲ್ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಉರಿದರೆ 540 ಕಿಲೋ. ಇದನ್ನು ಸರಿದೂಗಿಸಲು ಹೆಚ್ಚು ಕಡಮೆ ಒಂಬತ್ತು ಬಾಗಿಲವಾಡಗಳಷ್ಟು ಮರ ಬೆಳೆಯಬೇಕು. ಆದುದರಿಂದ ಮರ ನೆಟ್ಟಿದ್ದೇವೆ, ಇನ್ನು ಎಷ್ಟು ಎಣ್ಣೆ ಸುಟ್ಟರೂ ಚಿಂತೆಯಿಲ್ಲ ಎನ್ನುವಂತಿಲ್ಲ. ಮರ ದೊಡ್ಡ ಸಹಾಯವೇ ಹೊರತು ಕ್ಷಮಾಪತ್ರವಲ್ಲ.

ಎರಡು ಅರಮನೆಗಳ ಪಾಠ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದನು. ಅದರ ಬಹುಭಾಗ ತೇಗದ ಮರ. ಆ ಮರಗಳು ಬೆಳೆಯುವಾಗ ಹೀರಿದ ಇಂಗಾಲ 240 ವರ್ಷಗಳ ನಂತರವೂ ಆ ಕಂಬಗಳಲ್ಲಿ, ತೊಲೆಗಳಲ್ಲಿ ಹಾಗೆಯೇ ಇದೆ.

ಅಲ್ಲಿಂದ ಕೆಲವೇ ಮೈಲಿ ದೂರದ ಮೈಸೂರಿನಲ್ಲಿಯೂ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅದಕ್ಕೆ ಬೆಂಕಿ ಬಿದ್ದಿತು. ಮರಗಳು ಹಲವು ದಶಕ ಕೂಡಿಟ್ಟ ಇಂಗಾಲ ನೋಡನೋಡುತ್ತಿದ್ದಂತೆ ಹೊಗೆಯಾಗಿ ಗಾಳಿಗೆ ಮರಳಿತು. ಈಗ ಜನ ನೋಡಲು ಹೋಗುವ ಅರಮನೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿ 1912ರಲ್ಲಿ ಮುಗಿಸಿದ್ದು.

ಎರಡೂ ಅರಮನೆಗಳ ಮರ ಒಂದೇ ಬಗೆಯ ಕೆಲಸ ಮಾಡಿತ್ತು. ಒಂದರಲ್ಲಿ ಇಂಗಾಲ ಉಳಿಯಿತು, ಇನ್ನೊಂದರಲ್ಲಿ ಹೋಯಿತು. ರೈತನ ಮರದ ವಿಷಯವೂ ಹೀಗೆಯೇ. ಕಡಿದ ದಿನ ಇಂಗಾಲ ಹೋಗುವುದಿಲ್ಲ. ಸುಟ್ಟ ದಿನ, ಇಲ್ಲವೇ ಗೆದ್ದಲು ತಿಂದು ಕೊಳೆತ ದಿನ ಹೋಗುತ್ತದೆ.

ಬಳಕೆಯಂತೆ ಆಯಸ್ಸು

ಅಂತರರಾಷ್ಟ್ರೀಯ ಲೆಕ್ಕಾಚಾರದಲ್ಲಿ ಮರದ ಸಾಮಾನುಗಳಿಗೆ ಒಂದು ಅರ್ಧಾಯುಷ್ಯ ಗೊತ್ತುಮಾಡಿದ್ದಾರೆ. ಈ ವರ್ಷ ತಯಾರಾದ ಸರಕಿನಲ್ಲಿ ಅರ್ಧದಷ್ಟು ಹಾಳಾಗಲು ಎಷ್ಟು ವರ್ಷ ಬೇಕು ಎಂಬುದೇ ಇದರ ಅರ್ಥ. ಕುಯ್ದ ಮರಕ್ಕೆ 35 ವರ್ಷ, ಪ್ಲೈವುಡ್ ಮೊದಲಾದ ಹಲಗೆಗಳಿಗೆ 25 ವರ್ಷ, ಕಾಗದಕ್ಕೆ ಕೇವಲ 2 ವರ್ಷ. ಸೌದೆಯಾದರೆ ಒಲೆಗೆ ಹಾಕಿದ ದಿನವೇ ಲೆಕ್ಕ ಮುಗಿಯಿತು.

1980ರ ದಶಕದಲ್ಲಿ ಕೋಲಾರದ ಕಡೆ ಅನೇಕ ರೈತರು ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಹಾಕಿದರು. ಮರ ಬೇಗ ಬೆಳೆಯಿತು, ಬೇಗ ಕಡಿದರು, ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೂ ಕಟ್ಟಡದ ಆಸರೆ ಗಳುಗಳಿಗೂ ಹೋಯಿತು. ಹಿಡಿದ ಇಂಗಾಲದ ಬಹುಪಾಲು ಕೆಲವೇ ವರ್ಷಗಳಲ್ಲಿ ಮರಳಿ ಗಾಳಿಗೆ ಸೇರಿತು. ಅಂತರ್ಜಲದ ಬಗೆಗಿನ ಆತಂಕ ಬೇರೆ ಬೆಳೆಯಿತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೇಗ ಬೆಳೆಯುವ ಮರವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ನೆಡುವ ಮೊದಲೇ ಆ ಮರ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಬೇಕು ಎಂಬುದು ಪಾಠ.

ಇಬ್ಬರು ರೈತರು ಒಂದೇ ವರ್ಷ ಬದುವಿನ ಮೇಲೆ ನೂರು ಮರ ಹಾಕಿದರು ಎಂದಿಟ್ಟುಕೊಳ್ಳೋಣ. ಒಬ್ಬನು ಏಳನೆಯ ವರ್ಷ ಹಣದ ಅಡಚಣೆಯಿಂದ ಎಲ್ಲವನ್ನೂ ಸೌದೆಯ ಬೆಲೆಗೆ ಮಾರಿದನು. ಇನ್ನೊಬ್ಬನು ಸೊಟ್ಟ, ಸಣಕಲು ಮರಗಳನ್ನು ಮಾತ್ರ ತೆಗೆದು ಆ ವರ್ಷದ ಖರ್ಚು ನೀಗಿಸಿ, ನೇರವಾದ ಮರಗಳನ್ನು ಇಪ್ಪತ್ತು ವರ್ಷ ಬಿಟ್ಟನು. ಎರಡನೆಯವನ ಮರ ದಪ್ಪವಾಗಿ, ಕೆಚ್ಚು ಕಟ್ಟಿ, ತೊಲೆ ಹಲಗೆಗಳಾಗುವ ಯೋಗ್ಯತೆ ಪಡೆಯಿತು. ಮರದ ಬೆಲೆ ತೂಕಕ್ಕಿಂತ ಹೆಚ್ಚಾಗಿ ಸುತ್ತಳತೆ ಮತ್ತು ಕೆಚ್ಚನ್ನು ಅವಲಂಬಿಸಿರುತ್ತದೆ. ಹವಾಮಾನಕ್ಕೆ ಒಳಿತಾದದ್ದು ಇಲ್ಲಿ ರೈತನ ಕೈಗೂ ಒಳಿತಾಗುತ್ತದೆ. ಆದರೆ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದಕಾರಣ ಒಂದೇ ಬಾರಿಗೆ ಕಡಿಯುವಂತೆ ಒಂದೇ ಜಾತಿಯನ್ನು ನೆಡದೆ, ಏಳೆಂಟು ವರ್ಷಕ್ಕೆ ಬರುವ ಮರಗಳ ಜೊತೆಗೆ ಇಪ್ಪತ್ತು ಮೂವತ್ತು ವರ್ಷದ ಮರಗಳನ್ನೂ ಬೆರೆಸಿ ನೆಡುವುದು ಜಾಣತನ.

ಸಿಮೆಂಟು, ಕಬ್ಬಿಣದ ಬದಲು ಮರ

ಮರದ ಸಾಮಾನಿನಿಂದ ಇನ್ನೊಂದು ಲಾಭವಿದೆ. ಸಿಮೆಂಟ್ ತಯಾರಿಸಲು ಸುಣ್ಣಕಲ್ಲನ್ನು ಕಲ್ಲಿದ್ದಲಿನ ಉರಿಯಲ್ಲಿ ಕಾಯಿಸಬೇಕು. ಉರಿಯಿಂದಲೂ ಕಲ್ಲಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಒಂದು ಟನ್ ಸಿಮೆಂಟಿಗೆ ಇದು ಸುಮಾರು 600ರಿಂದ 900 ಕಿಲೋ, ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್. ಬಾಗಿಲು, ಕಿಟಕಿ, ಅಟ್ಟ, ಜಂತೆ, ಕೊಟ್ಟಿಗೆಯ ಮಾಡುಗಳಲ್ಲಿ ಸ್ವಂತ ಜಮೀನಿನ ಮರ ಬಳಸಿದರೆ ಅಷ್ಟು ಸಿಮೆಂಟ್ ಮತ್ತು ಕಬ್ಬಿಣ ಉಳಿಯುತ್ತದೆ.

ಮಲೆನಾಡಿನ ತೊಟ್ಟಿ ಮನೆಗಳಲ್ಲಿ ಹಲಸಿನ ಕಂಬಗಳು ಮೂರು ತಲೆಮಾರು ಕಂಡಿವೆ. ಬಯಲುಸೀಮೆಯಲ್ಲಿ ಕರಿಜಾಲಿಯ ಗಾಡಿ, ನೇಗಿಲು, ಕುಂಟೆಗಳನ್ನು ಅಜ್ಜ ಮಾಡಿಸಿದ್ದನ್ನು ಮೊಮ್ಮಗ ಬಳಸಿದ್ದಾನೆ. ಮನೆ ಕೆಡವಿದಾಗ ತೊಲೆಯನ್ನು ಸೌದೆ ಮಾಡದೆ ಹೊಸ ಮನೆಗೆ ಬಳಸುವ ಹಳೆಯ ಪದ್ಧತಿ ಇಂದಿನ ಲೆಕ್ಕದಲ್ಲಿಯೂ ಸರಿಯಾದದ್ದು.

ದಿಮ್ಮಿ ಕುಯ್ಯುವಾಗ ಸುಮಾರು ಅರ್ಧದಷ್ಟು ಹೊರಬದಿಯ ಸೀಳು, ತುಂಡು, ಹೊಟ್ಟಾಗಿ ಹೋಗುತ್ತದೆ. ಇವು ಒಲೆಗೆ ಸಲ್ಲಬೇಕಾದವು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ತೋರಿಸಿಕೊಟ್ಟಂತೆ, ಗಾಳಿಯಾಟ ಸರಿಯಿದ್ದ ಒಲೆಯಲ್ಲಿ ಒಣಗಿದ ಸೌದೆ ಕಡಮೆ ಸಾಕು, ಹೊಗೆಯೂ ಕಡಮೆ. ಕಡಿದಷ್ಟು ಮತ್ತೆ ಬೆಳೆಯುವ ಜಾಗದಿಂದ ಬಂದ ಸೌದೆ ಗಾಳಿಗೆ ಹೊಸ ಭಾರ ಹಾಕುವುದಿಲ್ಲ. ಮತ್ತೆ ಬೆಳೆಯದ ಕಾಡಿನಿಂದ ತಂದ ಸೌದೆ ಹಾಕುತ್ತದೆ.

ಇರುವ ಕಾಡಿಗೆ ಕೊಡಲಿ ಬೇಡ

ಮರದ ಬಳಕೆ ಒಳ್ಳೆಯದೆಂದ ಮಾತ್ರಕ್ಕೆ ಇರುವ ಕಾಡನ್ನು ಕಡಿದು ಬಳಸಬಹುದೆಂದು ಯಾರೂ ತಿಳಿಯಬಾರದು. ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡು ನೂರಾರು ವರ್ಷ ಕೂಡಿಟ್ಟ ಇಂಗಾಲ ಮರಗಳಲ್ಲಷ್ಟೇ ಅಲ್ಲ, ಬೇರು, ತರಗೆಲೆ, ಮಣ್ಣುಗಳಲ್ಲೂ ಇರುತ್ತದೆ. ಅದನ್ನು ಕಡಿದು ಸಸಿ ನೆಟ್ಟರೆ ಕಳೆದುಕೊಂಡದ್ದನ್ನು ತುಂಬಲು ಹಲವು ತಲೆಮಾರು ಬೇಕು. ಅಷ್ಟರಲ್ಲಿ ಇಳಿಜಾರಿನ ಮಣ್ಣು ಹೊಳೆ ಸೇರಿರುತ್ತದೆ, ಬೇಸಿಗೆಯ ಒರತೆ ಬತ್ತಿರುತ್ತದೆ.

1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಹಳ್ಳಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು. ಅಂದು ಅವರ ಚಿಂತೆ ನೀರು, ಸೊಪ್ಪು ಮತ್ತು ತೋಟ. ಅದೇ ಕಾಡು ಇಂಗಾಲದ ಉಗ್ರಾಣವೂ ಹೌದೆಂದು ಇಂದು ತಿಳಿದಿದೆ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೇರಿದ ಸೊಪ್ಪಿನ ಬೆಟ್ಟಗಳಲ್ಲಿ ಪ್ರತಿ ವರ್ಷ ಒಂದೇ ಮರದ ನೆತ್ತಿಯವರೆಗೂ ಸೊಪ್ಪು ಸವರಿದರೆ ಮರ ಸೊರಗುತ್ತದೆ. ಸರದಿ ಹಾಕಿ ಕೊಂಬೆ ಸವರಿ, ನೆತ್ತಿ ಉಳಿಸಿ, ಬೆಂಕಿ ಮತ್ತು ದನಗಳಿಂದ ಕಾಪಾಡಿದರೆ ಬೆಟ್ಟ ತಾನೇ ಚಿಗುರುತ್ತದೆ.

ಹಾಗಾದರೆ ಮರ ಎಲ್ಲಿಂದ ಬರಬೇಕು? ಬದು, ಬೇಲಿ, ಹಳ್ಳದ ದಂಡೆ, ಪಾಳು ನೆಲ ಮತ್ತು ತೋಟದ ನೆರಳಿನ ಸಾಲುಗಳಿಂದ ಬರಬೇಕು. ಹೊಲದಲ್ಲಿ ಬೆಳೆದ ಪ್ರತಿ ದಿಮ್ಮಿಯೂ ಕಾಡಿನ ಮೇಲಿನ ಅಷ್ಟು ಒತ್ತಡವನ್ನು ಇಳಿಸುತ್ತದೆ. ಇದೇ ಉದ್ದೇಶದಿಂದ ಭಾರತ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿತು.

ಎಲ್ಲಿ ಯಾವ ಮರ

ಮಲೆನಾಡಿಗೆ ಹಲಸು, ಹೊನ್ನೆ, ಮತ್ತಿ, ನಂದಿ, ತೇಗ ಸೂಕ್ತ. ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮೆಣಸಿನ ಬಳ್ಳಿಗೂ ಆಸರೆ. ಆದರೆ ನಾಡಮರಗಳನ್ನೆಲ್ಲ ತೆಗೆದು ಅದೊಂದನ್ನೇ ತುಂಬುವುದು ಸರಿಯಲ್ಲ. ಕರಾವಳಿಗೆ ಹಲಸು, ಹೆಬ್ಬಲಸು, ಬಿದಿರು, ಮರಳು ನೆಲಕ್ಕೆ ಗಾಳಿ ಮರ. ದಕ್ಷಿಣದ ಬಯಲುಸೀಮೆಯ ಕೆಂಪು ಮಣ್ಣಿಗೆ ಹೆಬ್ಬೇವು, ಬೇವು, ಹೊಂಗೆ, ಹುಣಸೆ, ಶ್ರೀಗಂಧ. ಉತ್ತರದ ಕಪ್ಪು ಮಣ್ಣಿಗೆ ಕರಿಜಾಲಿ ಮತ್ತು ಬೇವು. ಹೆಬ್ಬೇವು ಪ್ಲೈವುಡ್ಡಿಗೆ ಬೇಗ ಒದಗುತ್ತದೆ, ಹಲಸು ಮತ್ತು ತೇಗ ತಡವಾದರೂ ಬಹುಕಾಲ ಬಾಳುತ್ತವೆ.

ಬೇಸಿಗೆಯಲ್ಲಿಯೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮುಂಗಾರು ಹದವಾದೊಡನೆ ಸಸಿ ನೆಡಬೇಕು. ಬದುವಿನ ಮೇಲೆ ಸಸಿಯಿಂದ ಸಸಿಗೆ 2ರಿಂದ 3 ಮೀಟರ್ ಅಂತರ ಸಾಕು. ಮೊದಲ ಎರಡು ಬೇಸಿಗೆ ಕಾಪಾಡಿದರೆ ಅರ್ಧ ಗೆದ್ದಂತೆ.

ಬದುವಿನ ಮರ ಬೆಳೆಗೆ ನೆರಳು ಕೊಡುತ್ತದೆ ಎಂಬ ದೂರು ಸುಳ್ಳಲ್ಲ. ವರ್ಷಕ್ಕೊಮ್ಮೆ ಕೆಳಗಿನ ಕೊಂಬೆಗಳನ್ನು ಕಾಂಡಕ್ಕೆ ಸಮನಾಗಿ ಸವರಬೇಕು. ಇದರಿಂದ ನೆರಳು ತಗ್ಗುವುದಲ್ಲದೆ ಗಂಟಿಲ್ಲದ ನೇರ ದಿಮ್ಮಿ ಸಿಗುತ್ತದೆ. ಮರದ ಸಾಲಿನಿಂದ ಒಂದು ಮೀಟರ್ ದೂರದಲ್ಲಿ ಎರಡು ಮೂರು ಅಡಿ ಆಳದ ಕಾಲುವೆ ತೆಗೆದರೆ ಬೇರುಗಳು ಬೆಳೆಯ ಕಡೆ ಬರುವುದು ಕಡಮೆಯಾಗುತ್ತದೆ, ಮಳೆ ನೀರೂ ಇಂಗುತ್ತದೆ. ಹಿಂಗಾರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಆದುದರಿಂದ ಉತ್ತರದ ಬದುವಿನಲ್ಲಿ ನೆಡುವ ಮುನ್ನ ಆಚೆಯ ಹೊಲದವನೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಕಡಿದ ಮರವನ್ನು ಕಾಪಾಡುವುದು

ಒಳ್ಳೆಯ ಮರವೂ ಹದಗೆಟ್ಟರೆ ಐದಾರು ವರ್ಷದಲ್ಲಿ ಹುಡಿಯಾಗುತ್ತದೆ. ಆಗ ಬೆಳೆಸಿದ ಶ್ರಮವೂ ಹಿಡಿದಿಟ್ಟ ಇಂಗಾಲವೂ ವ್ಯರ್ಥ. ಇಲ್ಲಿ ರೈತರು ಗಮನಿಸಬೇಕಾದ ಅಂಶಗಳು ಇವು:

1. ಮಳೆಗಾಲ ಕಳೆದ ಮೇಲೆ, ಒಣ ಹವೆಯಲ್ಲಿ ಮರ ಕಡಿಯಬೇಕು. ದಿಮ್ಮಿಯನ್ನು ನೆಲದ ಮೇಲೆ ಮಳೆಗೆ ಬಿಡಬಾರದು. ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿದರೆ ಸೀಳು ಬಿಡುವುದು ಕಡಮೆ.

2. ಕುಯ್ದ ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ ಒಂದು ಅಂಗುಲದ ರಿಪೀಸು ಕೊಟ್ಟು ಅಟ್ಟಿ ಹಾಕಬೇಕು. ಒಂದು ಅಂಗುಲ ದಪ್ಪದ ಹಲಗೆಗೆ ಎರಡು ಮೂರು ತಿಂಗಳಾದರೂ ಬೇಕು. ಹಸಿ ಮರದಲ್ಲಿ ಬಾಗಿಲು ಮಾಡಿಸಿದರೆ ಅದು ಸೊಟ್ಟಗಾಗುವುದು ಖಂಡಿತ.

3. ಕುಟ್ಟೆ ಹುಳು ಕೆಚ್ಚಿಗಿಂತ ಬಿಳಿಮರಕ್ಕೆ ಹೆಚ್ಚಾಗಿ ಬೀಳುತ್ತದೆ, ಏಕೆಂದರೆ ಅಲ್ಲಿ ಪಿಷ್ಟವಿರುತ್ತದೆ. ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಯಿಂದ ಈ ಪಿಷ್ಟ ಕರಗಿ ಹುಳುವಿನ ಕಾಟ ತಗ್ಗುತ್ತದೆ.

4. ಮಾಡಿನ ಒಳಗೆ ಬಳಸುವ ಬಿದಿರು ಮತ್ತು ಮೆದು ಮರಕ್ಕೆ 95 ಲೀಟರ್ ನೀರಿನಲ್ಲಿ 2 ಕಿಲೋ ಬೋರಿಕ್ ಆಮ್ಲ ಮತ್ತು 3 ಕಿಲೋ ಬಿಳಿಗಾರ, ಎಂದರೆ ಬೋರಾಕ್ಸ್, ಕರಗಿಸಿ ಕೆಲವು ದಿನ ನೆನೆಸಬಹುದು. ಮಳೆಗೆ ಸಿಕ್ಕರೆ ಈ ಔಷಧಿ ತೊಳೆದು ಹೋಗುತ್ತದೆ. ದನಕರುಗಳು ಈ ನೀರು ಕುಡಿಯದಂತೆ ನೋಡಿಕೊಳ್ಳಬೇಕು.

5. ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂಳದೆ ಕಲ್ಲಿನ ಬುಡದ ಮೇಲೆ ನಿಲ್ಲಿಸಬೇಕು. ಗೆದ್ದಲಿಗೂ ತೇವಕ್ಕೂ ಇದು ಮೊದಲ ತಡೆ.

ಕಾನೂನು ಮತ್ತು ಕರಾರು

ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನೇಕ ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಗಾಳಿ, ಸಿಲ್ವರ್ ಓಕ್ ಮೊದಲಾದ ಕೆಲವು ಮರಗಳಿಗೆ ವಿನಾಯಿತಿಯಿದೆ. 2001ರ ತಿದ್ದುಪಡಿಯ ನಂತರ ಜಮೀನಿನಲ್ಲಿ ಬೆಳೆದ ಶ್ರೀಗಂಧಕ್ಕೆ ಜಮೀನಿನ ಒಡೆಯನೇ ಒಡೆಯ. ಆದರೂ ಕಡಿಯುವುದಕ್ಕೂ ಮಾರುವುದಕ್ಕೂ ನಿಯಮಗಳಿವೆ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಭಾರತೀಯ ಅರಣ್ಯ ಕಾಯಿದೆಯ ‘ಮರ’ದ ಪಟ್ಟಿಯಿಂದ ತೆಗೆಯಿತು. ನೆಟ್ಟ ಮರಗಳನ್ನು ಪಹಣಿಯಲ್ಲಿ ದಾಖಲು ಮಾಡಿಸುವುದು, ಕೊಡಲಿ ಹಾಕುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ನಿಯಮ ಮತ್ತು ಸದ್ಯದ ದರವೂ ಅಲ್ಲಿಯೇ ತಿಳಿಯುತ್ತದೆ. ಈ ಯೋಜನೆಯಲ್ಲಿ ಹಣ ಬರುವುದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ.

ಇಂಗಾಲದ ಹೆಸರಿನಲ್ಲಿ ಹಣ ಕೊಡಿಸುತ್ತೇವೆ ಎಂದು ಕರಾರು ಪತ್ರ ಹಿಡಿದು ಬರುವವರೂ ಇದ್ದಾರೆ. ಇಂತಹ ವ್ಯವಸ್ಥೆ ಇರುವುದು ನಿಜ. ಆದರೆ ಎಷ್ಟು ವರ್ಷ ಮರ ಕಡಿಯಬಾರದು, ಬೆಂಕಿ ಅಥವಾ ಬರದಿಂದ ಮರ ಸತ್ತರೆ ಹೊಣೆ ಯಾರದು, ಹಣದಲ್ಲಿ ರೈತನ ಪಾಲೆಷ್ಟು, ಯಾವಾಗ ಕೈಗೆ ಬರುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಬರೆದ ಉತ್ತರ ಸಿಗುವವರೆಗೂ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ವಿಸ್ತರಣಾ ಕಾರ್ಯಕರ್ತರು ಇಂತಹ ಪತ್ರಗಳನ್ನು ರೈತರಿಗೆ ಓದಿ ಹೇಳುವ ಕೆಲಸವನ್ನೂ ತಮ್ಮದೆಂದು ತಿಳಿಯಬೇಕು.

ಕೊನೆಯದಾಗಿ, ಲೆಕ್ಕ ಸರಳವಾಗಿದೆ. ಇರುವ ಕಾಡನ್ನು ಉಳಿಸಬೇಕು. ಬದುವಿನಲ್ಲಿ ಹೊಸ ಮರ ಬೆಳೆಸಬೇಕು. ಬೆಳೆದ ಮರವನ್ನು ಆದಷ್ಟು ದಪ್ಪವಾಗಲು ಬಿಟ್ಟು, ಹದವಾಗಿ ಕಡಿದು, ಬಹುಕಾಲ ಬಾಳುವ ಕೆಲಸಕ್ಕೆ ಹಾಕಬೇಕು. ಕಡಿದ ಜಾಗದಲ್ಲಿ ಅದೇ ಮುಂಗಾರಿನಲ್ಲಿ ಮತ್ತೆ ಸಸಿ ನೆಡಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರರ ಫಲ ತಗ್ಗುತ್ತದೆ. ಮೊದಲ ಹೆಜ್ಜೆಯಾಗಿ, ಈ ವರ್ಷ ಮಳೆ ಬೀಳುವ ಮುನ್ನ ಬದುವಿನ ಮೇಲೆ ಹತ್ತು ಗುಣಿಗಳನ್ನಾದರೂ ತೆಗೆದಿಡುವುದು ಪ್ರತಿ ರೈತನಿಂದಲೂ ಆಗುವ ಕೆಲಸ.